ಕಾದ ಲೆಕ್ಕ

ಕೂಡ್ಲೂರಿನ ಕ್ಯೂರಿಂಗ್ ಶೆಡ್ಡು. ಫೆಬ್ರುವರಿ. ತಗಡಿನ ಕೆಳಗೆ
ಹೊಟ್ಟಿನ ಧೂಳು ಬಿಸಿಲುಕೋಲಲ್ಲಿ ಏರುತ್ತದೆ, ಇಳಿಯುವುದು ಕಾಣುವುದಿಲ್ಲ.
ಟ್ರೇಯಲ್ಲಿ ಹಸಿರು ಬೀಜ, ಬೀಜದ ನೆತ್ತಿಗೆ ಕ್ಯಾಮೆರಾ,
ಕ್ಯಾಮೆರಾದ ಬಾಲಕ್ಕೆ ನನ್ನ ಲ್ಯಾಪ್‌ಟಾಪು,
ಅದರೊಳಗೆ ನಾನೇ ಬರೆದ ಎಂಬತ್ತಾರು ಸಾಲು:
ಚಿತ್ರ ಬಂತೋ, ತೆರೆ. ಕಪ್ಪೆಷ್ಟು, ಒಡಕೆಷ್ಟು, ಎಣಿಸು.
ಬರಲಿಲ್ಲವೋ, ಎರಡು ಸೆಕೆಂಡು ಮಲಗು,
ಎದ್ದು ಮತ್ತೆ ಕೇಳು.

ಮೊದಲ ಟ್ರೇ ಎಣಿಸಿತು.
ಆಮೇಲೆ ಮಲಗಿತು. ಎದ್ದಿತು. ಮಲಗಿತು.

ಕೆಂಪಕ್ಷರದಲ್ಲಿ ಬಯ್ದಿದ್ದರೆ ಚೆನ್ನಾಗಿತ್ತು.
ಕೂಗುವ ತಪ್ಪಿಗೆ ಜುಟ್ಟಾದರೂ ಇರುತ್ತದೆ, ಹಿಡಿದು ಎಳೆಯಬಹುದು;
ಇದು ಜಗಲಿಯಲ್ಲಿ ಕೂತ ದೂರದ ನೆಂಟ,
ಒಳಗೆ ಬಾರದು, ಹೊರಟೂ ಹೋಗದು,
ಕೇಳಿದರೆ ಎಲ್ಲ ಕ್ಷೇಮ.

ಲೆನ್ಸು ಒರೆಸಿದೆ ಸೆರಗಿನಲ್ಲಿ. ವೈರು ಬದಲಿಸಿದೆ.
ಎರಡು ಸೆಕೆಂಡನ್ನು ಐದು ಮಾಡಿದೆ, ಒಂದಕ್ಕೆ ಇಳಿಸಿದೆ, ಮತ್ತೆ ಎರಡೇ ಇರಲಿ ಎಂದೆ.
ಪ್ರತಿ ಸಲ ಕಾದಾಗಲೂ ಒಂದು ಚುಕ್ಕಿ ಇಡು ಎಂದು ಹೇಳಿದೆ:
ಪರದೆ ತುಂಬ ಚುಕ್ಕಿ,
ರಂಗೋಲಿ ಹಾಕಲು ಕೂತವಳು ಗೆರೆ ಮರೆತಂತೆ.
ನಿಲ್ಲಿಸಿ ಹೊಸದಾಗಿ ಹಚ್ಚಿದರೆ
ಅದುವರೆಗೆ ಬಂದದ್ದನ್ನೆಲ್ಲ ಜಾಣಮರಿಯ ಹಾಗೆ ಎಣಿಸಿ
ಮತ್ತೆ ಕೂತಿತು.
ಸುಳಿವು ಅದೇ ಆಗಿತ್ತು. ನಾನು ಅದೃಷ್ಟ ಎಂದುಕೊಂಡೆ.

"ಎಂತ ಮಾರಾಯ್ತಿ, ನಿನ್ನ ಮಿಷನ್ನಿಗೆ ನಿದ್ದೆಯಾ?"
ಬೀಪಾತುಮ್ಮ. ಇಪ್ಪತ್ತೆರಡು ವರ್ಷ
ಬಿಬಿಬಿಯಿಂದ ಪೀಬೆರಿ ಬೇರೆ ಮಾಡಿದ ಬೆರಳು,
ಉಗುರಿನ ಅಂಚಿಗೆ ಬೆಳ್ಳಿಸಿಪ್ಪೆ ಅಂಟಿದೆ.
ಕಾಯ್ತಾ ಇದೆ, ಎಂದೆ.
"ಕಾಯುವವರು ದಾರಿ ನೋಡ್ತಾರೆ.
ಇದು ಎಲ್ಲಿ ನೋಡ್ತಾ ಉಂಟು?"

ಎಲ್ಲಿ ನೋಡುತ್ತಿದೆ.

ನಲವತ್ತೊಂದನೇ ಸಾಲು. ಫೋಲ್ಡರಿನಲ್ಲಿ ಏನೇನಿದೆಯೆಂದು
ಪಟ್ಟಿ ತರುವ ಸಾಲು. ಲೂಪಿನ ಹೊಸಿಲಾಚೆಗೇ ನಿಂತು
ಒಮ್ಮೆ ತಂದು ಕೈಗಿಟ್ಟು ಜವಾಬ್ದಾರಿ ತೀರಿಸಿತ್ತು.
ಒಳಗಿನದು ಪಾಪ, ಎರಡೆರಡು ಸೆಕೆಂಡಿಗೆ ಎದ್ದು
ಅದೇ ಹಳೆಯ ಚೀಟಿ ಬಿಡಿಸಿ
ಬಂದಿದೆಯಾ, ಇಲ್ಲ, ಮಡಿಸಿ
ಬಂದಿದೆಯಾ, ಇಲ್ಲ.
ಬಾಗಿಲಾಚೆ ಚಿತ್ರದ ಮೇಲೆ ಚಿತ್ರ ಬಂದು ಬಿದ್ದಿದ್ದವು.

ಸಾಲನ್ನು ಕತ್ತರಿಸಿ ಲೂಪಿನೊಳಗೆ ಅಂಟಿಸಿದೆ,
ನಾಲ್ಕು ಸ್ಪೇಸು ಬಲಕ್ಕೆ.
ಇಷ್ಟೇ. ಹೇಳಿಕೊಳ್ಳಲೂ ನಾಚಿಕೆ.
ಟ್ರೇ ಹದಿನೇಳು: ಕಪ್ಪು ಮೂವತ್ತೊಂದು, ಒಡಕು ಒಂಬತ್ತು.
ಟ್ರೇ ಹದಿನೆಂಟು.

"ಆಯ್ತು!" ಎಂದು ತಲೆ ಎತ್ತಿದರೆ
ಬೆಂಚು ಖಾಲಿ.
ಬೆಳಿಗ್ಗೆ ಒಂಬತ್ತಕ್ಕೆ ಹಾಜರಿ ಬರೆದಿದ್ದೆ, ಒಂಬತ್ತು ಜನ;
ನನ್ನ ಕಣ್ಣಲ್ಲಿ ಅವರು ಈಗಲೂ ಅಲ್ಲೇ ಕೂತಿದ್ದರು,
ಪಳನಿಯಮ್ಮ ಮೂಲೆಗೆ, ಜಾನಕಿ ಫ್ಯಾನಿನ ಕೆಳಗೆ.
ಯಾವಾಗ ಎದ್ದರು? ಜಾನಕಿಯ ಮಗುವಿಗೆ ಜ್ವರವಂತೆ,
ಹನ್ನೊಂದಕ್ಕೇ ಹೋದಳಂತೆ. ಉಳಿದವರು ಗೇಟಿನ ಹತ್ತಿರ, ನೆರಳಿಗೆ.
"ಟ್ರೇ ಮುಂದೆ ಹೋಗದಿದ್ರೆ ನಮ್ಮ ಕಿಲೋ ಆಗುದಿಲ್ಲ ಮೋಳೇ,"
ಬೀಪಾತುಮ್ಮ ಹೇಳಿದ್ದು ದೂರಲ್ಲ, ಮಾಹಿತಿ.

ಲಾಗ್ ಫೈಲಿನ ಕೊನೆಗೆ ನಿಷ್ಠೆಯಿಂದ ಬರೆದಿದೆ:
ಕಾದ ಸಲ, ಆರು ಸಾವಿರದ ಒಂಬೈನೂರ ಹದಿನೆಂಟು.
ಒಂದೂ ಬಿಟ್ಟಿಲ್ಲ.
ಯಂತ್ರ ಕಾದದ್ದಕ್ಕೆ ಲೆಕ್ಕ ಉಂಟು.

ಕೂಲಿ ಪುಸ್ತಕ ತೆರೆದೆ. ದಿನಾಂಕ, ಹೆಸರು, ಕಿಲೋ, ರೂಪಾಯಿ.
ರೂಪಾಯಿಯ ಪಕ್ಕ ಅರ್ಧ ಇಂಚು ಜಾಗ.
ಸ್ಕೇಲಿಲ್ಲದೆ ಸೊಟ್ಟ ಗೆರೆ ಎಳೆದು ತಲೆಬರಹ ಕೊಟ್ಟೆ: ಕಾದದ್ದು.
ಎಂಟು ಹೆಸರಿಗೆ ಹತ್ತಿರ ಹತ್ತಿರ ನಾಲ್ಕು ಗಂಟೆ.
ಜಾನಕಿಗೆ ಎರಡು.

ಸಂಜೆ ಬಿದ್ದಪ್ಪನವರು ಬಂದು ನೋಡುತ್ತಾರೆ.
ಕನ್ನಡಕ ತೆಗೆದು, ಒರೆಸಿ, ಮತ್ತೊಮ್ಮೆ ನೋಡುತ್ತಾರೆ.
ಹೊಡೆದು ಹಾಕಿದರೂ ಹಾಕಿಯಾರು. ನಾನು ಪೆನ್ಸಿಲಿನಲ್ಲಿ ಬರೆದಿಲ್ಲ.